ಕಜ್ಜಾಯ ತಿಂದವರ ಸಾಕ್ಷ್ಯ

ಮನೆಯ ಸಣ್ಣಪುಟ್ಟ ಸುಖಗಳ ಬಗ್ಗೆ ನಮ್ಮಲ್ಲಿ ಒಂದು ನಂಬಿಕೆ ಬಲವಾಗಿ ಬೇರೂರಿದೆ. ಹಬ್ಬದ ದಿನದ ಕಜ್ಜಾಯ, ಜಗಲಿಯ ಮೇಲೆ ಕೂತು ಹೂ ಕಟ್ಟುವುದು, ಬಾಗಿಲ ಮುಂದಿನ ರಂಗೋಲಿ, ಸಂಜೆ ಹುರಿದ ಕಡಲೆಕಾಯಿಯ ಜೊತೆ ಒಂದು ಚೂರು ಬೆಲ್ಲ: ಇವಕ್ಕೆಲ್ಲ ದುಡ್ಡು ಬೇಡ, ಮನಸ್ಸಿದ್ದರೆ ಸಾಕು, ಹಿಂದಿನವರಿಗೆ ಆ ಮನಸ್ಸಿತ್ತು, ನಾವು ಕಳೆದುಕೊಂಡೆವು ಎನ್ನುವುದು ಆ ನಂಬಿಕೆ. ಈ ಸುಖಗಳು ನನಗೂ ಪ್ರಿಯವೇ. ಅವು ಉಳಿಯಬೇಕೆಂಬ ಆಸೆಯೂ ಇದೆ. ಆದರೆ ಅವು ಮನಸ್ಸಿನಿಂದ ಹುಟ್ಟಿ ಮನಸ್ಸು ಬದಲಾದ್ದರಿಂದ ಸತ್ತವು ಎಂಬ ವಿವರಣೆ ನನಗೆ ಒಪ್ಪಿಗೆಯಾಗುವುದಿಲ್ಲ. ಕಾಯಿಲೆಯನ್ನು ತಪ್ಪಾಗಿ ಗುರುತಿಸಿದರೆ ಮದ್ದೂ ತಪ್ಪುತ್ತದೆ. ಆದ್ದರಿಂದ ಈ ನಂಬಿಕೆಯನ್ನು ಒಂದೊಂದು ಎಳೆಯಾಗಿ ಬಿಡಿಸಿ ನೋಡುವುದು ಒಳ್ಳೆಯದು.

ಮೊದಲು ಕೇಳಬೇಕಾದದ್ದು, ಹಿಂದಿನ ಮನೆಗಳ ಸುಖಕ್ಕೆ ನಮ್ಮ ಬಳಿ ಇರುವ ಸಾಕ್ಷ್ಯ ಯಾರದು ಎಂದು. ಗುಂಡ್ಲುಪೇಟೆಯಿಂದ ಚಾಮರಾಜನಗರಕ್ಕೆ ಹೋಗುವ ದಾರಿಯಲ್ಲಿರುವ ತೆರಕಣಾಂಬಿಯನ್ನೇ ತೆಗೆದುಕೊಳ್ಳೋಣ. ಇಂದು ನೋಡಲು ಸಾಧಾರಣ ಊರು. ಆದರೆ ಒಂದು ಕಾಲಕ್ಕೆ ಸುತ್ತಲ ಸೀಮೆಯ ಆಡಳಿತಕ್ಕೆ ಕೇಂದ್ರವಾಗಿತ್ತು. ಹಳೆಯ ಗುಡಿಗಳಿವೆ. ಹದಿನೈದನೆಯ ಶತಮಾನದಲ್ಲಿ ‘ಸನತ್ಕುಮಾರ ಚರಿತೆ’ ಬರೆದ ಜೈನ ಕವಿ ಬೊಮ್ಮರಸನನ್ನು ಈ ಊರಿನ ಹೆಸರಿನಿಂದಲೇ ಗುರುತಿಸುತ್ತೇವೆ. ಊರು ಸೇರಿರುವ ಗುಂಡ್ಲುಪೇಟೆ ತಾಲ್ಲೂಕಿನ ಶಾಸನಗಳನ್ನು ಬಿ. ಎಲ್. ರೈಸ್ 1898ರಷ್ಟು ಹಿಂದೆಯೇ ಸಂಗ್ರಹಿಸಿ ಪ್ರಕಟಿಸಿದರು. ಆಳಿದವರ, ದಾನ ಕೊಟ್ಟವರ, ಕಾವ್ಯ ಬರೆದವರ ಗುರುತು ಹೀಗೆ ಒಂದಲ್ಲ ಒಂದು ಬಗೆಯಲ್ಲಿ ಉಳಿಯಿತು. ಆದರೆ ಅದೇ ಊರಿನ ಅಡುಗೆಮನೆಗಳಲ್ಲಿ ಒಲೆ ಊದಿದವರು ಏನು ಅಂದುಕೊಂಡರು ಎಂಬುದನ್ನು ಯಾವ ಕಲ್ಲೂ ಬರೆದಿಡಲಿಲ್ಲ. ಆ ಸುಖದ ಬಗ್ಗೆ ನಮಗೆ ತಿಳಿದಿರುವುದೆಲ್ಲ ಬಾಯಿಂದ ಬಾಯಿಗೆ ಬಂದ ನೆನಪು. ಆ ನೆನಪು ಹೆಚ್ಚಾಗಿ ಅಂದು ಮಕ್ಕಳಾಗಿದ್ದವರದು, ಅಂದರೆ ತಿಂದವರದು. ಮಾಡಿದವರು ಕಡಿಮೆ ಮಾತಾಡಿದ್ದಾರೆ, ಅಥವಾ ಅವರನ್ನು ಯಾರೂ ಕೇಳಿಲ್ಲ. ತಿಂದವರ ಸಾಕ್ಷ್ಯ ಸುಳ್ಳಲ್ಲ. ಆದರೆ ಅದು ಅರ್ಧ ಸಾಕ್ಷ್ಯ. ಅದೊಂದನ್ನೇ ಹಿಡಿದು ಹಿಂದಿನ ಕಾಲಕ್ಕೆ ಪೂರ್ತಿ ಅಂಕ ಕೊಡುವುದು ನ್ಯಾಯವಲ್ಲ.

ಈಗ ‘ದುಡ್ಡು ಬೇಡ’ ಎಂಬ ಮಾತಿಗೆ ಬರೋಣ. ಕಜ್ಜಾಯವನ್ನು ನಾವು ಸರಳ ತಿಂಡಿ ಎನ್ನುತ್ತೇವೆ, ಏಕೆಂದರೆ ಅದಕ್ಕೆ ಬೇಕಾದದ್ದು ಅಕ್ಕಿ, ಬೆಲ್ಲ, ಎಣ್ಣೆ, ಒಂದಿಷ್ಟು ಗಸಗಸೆ ಅಥವಾ ಎಳ್ಳು. ಸಾಮಗ್ರಿ ಸರಳ, ನಿಜ. ಆದರೆ ಕೆಲಸ ಸರಳವಲ್ಲ. ಅಕ್ಕಿಯನ್ನು ನೆನೆಸಬೇಕು, ನೀರು ಬಸಿದು ನೆರಳಲ್ಲಿ ಬಟ್ಟೆಯ ಮೇಲೆ ಹರವಬೇಕು, ಪೂರ್ತಿ ಒಣಗುವ ಮುಂಚೆ, ತೇವ ಇನ್ನೂ ಕೈಗೆ ತಾಗುವಾಗ ಕುಟ್ಟಿ ಜರಡಿ ಹಿಡಿಯಬೇಕು. ಬೆಲ್ಲದ ಪಾಕ ಹದಕ್ಕೆ ಬಂದ ಕ್ಷಣಕ್ಕೆ ಹಿಟ್ಟು ಬೀಳಬೇಕು. ಪಾಕ ಎಳೆಯದಾದರೆ ಕಜ್ಜಾಯ ಎಣ್ಣೆಯಲ್ಲಿ ಪುಡಿಯಾಗಿ ಕದಡಿಹೋಗುತ್ತದೆ. ಮೀರಿದರೆ ಹಲ್ಲಿಗೆ ಕಲ್ಲಾಗುತ್ತದೆ. ಕಲಸಿದ ಹಿಟ್ಟನ್ನು ಒಂದೆರಡು ದಿನ ಮುಚ್ಚಿಟ್ಟು, ಬಾಳೆ ಎಲೆಯ ಮೇಲೆ ತಟ್ಟಿ, ಹದವಾದ ಉರಿಯಲ್ಲಿ ಕರಿದು, ಎರಡು ಸಟ್ಟುಗಗಳ ನಡುವೆ ಒತ್ತಿ ಎಣ್ಣೆ ತೆಗೆದ ಮೇಲೆ ಅದು ತಟ್ಟೆಗೆ ಬರುತ್ತದೆ. ಮಗುವಿನ ಕೈಯಲ್ಲಿ ಎರಡು ನಿಮಿಷ ಉಳಿಯದ ತಿಂಡಿಯ ಹಿಂದೆ ಮೂರು ನಾಲ್ಕು ದಿನಗಳ ದುಡಿಮೆ ಮತ್ತು ವರ್ಷಗಳಲ್ಲಿ ಕೂಡಿದ ಕೈಹದ ಇವೆ. ಕೂಲಿ ಕೊಡದ ಕೆಲಸಕ್ಕೆ ಬೆಲೆಯಿಲ್ಲ ಎಂದು ಮೊದಲೇ ತೀರ್ಮಾನಿಸಿದ್ದರೆ ಮಾತ್ರ ಈ ಸುಖ ಪುಕ್ಕಟೆ.

ಸಾಮಗ್ರಿಯ ಮಾತೂ ಅಷ್ಟು ಸುಲಭವಲ್ಲ. ಗುಂಡ್ಲುಪೇಟೆ ಸೀಮೆ ಮಳೆನೆರಳಿನ ನಾಡು. ರಾಗಿ, ಜೋಳ, ಹುರುಳಿ, ಅವರೆ ಇಲ್ಲಿಯ ಹೊಲಗಳ ಹಳೆಯ ಬೆಳೆಗಳು; ದಿನದ ಊಟ ಮುದ್ದೆ ಮತ್ತು ಸಾರು. ಅನೇಕ ಮನೆಗಳಲ್ಲಿ ಅನ್ನವೇ ಹಬ್ಬದಡುಗೆಯಾಗಿದ್ದ ಕಾಲದಲ್ಲಿ, ಅಕ್ಕಿಯನ್ನು ಕುಟ್ಟಿ ಎಣ್ಣೆಯಲ್ಲಿ ಕರಿದು ತಿನ್ನುವುದು ನಿತ್ಯದ ಸುಖ ಹೇಗಾದೀತು? ಅದು ವರ್ಷಕ್ಕೊಮ್ಮೆ, ದೀಪಾವಳಿಗೆ ಒದಗಿದ ಸುಖ. ನಮ್ಮ ನೆನಪು ಆ ಒಂದು ದಿನವನ್ನು ಎತ್ತಿ ವರ್ಷವಿಡೀ ಹರಡಿಬಿಟ್ಟಿದೆ. ಅಪರೂಪವಾದದ್ದರಿಂದಲೇ ರುಚಿ ಹೆಚ್ಚಿತ್ತು ಎಂದು ನೀವು ವಾದಿಸಬಹುದು. ಆ ವಾದದಲ್ಲಿ ಹುರುಳಿದೆ. ಆದರೆ ಬೇಕೆಂದೇ ಅಪರೂಪವಾಗಿಟ್ಟುಕೊಳ್ಳುವುದು ಬೇರೆ, ಇಲ್ಲದ್ದರಿಂದ ಅಪರೂಪವಾಗುವುದು ಬೇರೆ. ಮೊದಲನೆಯದು ಸಂಯಮ, ಎರಡನೆಯದು ಬಡತನ. ತಿನ್ನುವವರ ನಾಲಿಗೆಗೆ ಎರಡೂ ಒಂದೇ ರುಚಿ ಕೊಟ್ಟಿರಬಹುದು. ಆ ಕಾರಣಕ್ಕೆ ಬಡತನವನ್ನು ಸಂಯಮವೆಂದು ಹೊಗಳಲಾಗದು.

ಮನೆಯಲ್ಲಿ ಮಾಡಿದ್ದೇ ಉತ್ತಮ, ಅಂಗಡಿಯದು ಕೀಳು ಎಂಬುದು ಇನ್ನೊಂದು ಗಟ್ಟಿ ನಂಬಿಕೆ. ಇದನ್ನು ನಾನು ಅರ್ಧ ಮಾತ್ರ ಒಪ್ಪುತ್ತೇನೆ. ಮೈಸೂರು ಸೀಮೆಯ ಹೆಸರನ್ನು ಲೋಕಕ್ಕೆ ಸಾರಿದ ಸಿಹಿ ಮೈಸೂರು ಪಾಕ್. ಅದು ಹುಟ್ಟಿದ್ದು ಯಾರ ಮನೆಯ ಒಲೆಯ ಮೇಲೂ ಅಲ್ಲ. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದ ಅರಮನೆಯ ಅಡುಗೆಮನೆಯಲ್ಲಿ, ಕಾಕಾಸುರ ಮಾದಪ್ಪ ಎಂಬ ವೃತ್ತಿನಿರತ ಬಾಣಸಿಗನ ಕೈಯಲ್ಲಿ ಎಂಬುದು ಎಲ್ಲರೂ ಹೇಳುವ ಕಥೆ. ಅದಕ್ಕೂ ಬಹಳ ಹಿಂದೆ, ಹದಿನಾರನೆಯ ಶತಮಾನದ ಮೊದಲಲ್ಲಿ, ಮೂರನೆಯ ಮಂಗರಸ ‘ಸೂಪಶಾಸ್ತ್ರ’ವನ್ನು ಕನ್ನಡ ಪದ್ಯದಲ್ಲಿ ಬರೆದು, ಹಿಟ್ಟಿನ ತಿಂಡಿಗಳಿಗೆ, ಪಾನಕಗಳಿಗೆ ಬೇರೆ ಬೇರೆ ಅಧ್ಯಾಯಗಳನ್ನೇ ಕೊಟ್ಟ. ಅಂದರೆ ಸಿಹಿ ಮಾಡುವುದು ಅಕ್ಕರೆ ಒಂದರಿಂದಲೇ ಕೈಗೂಡುವ ಕೆಲಸವಲ್ಲ, ಕಲಿತು ಪಳಗಬೇಕಾದ ವಿದ್ಯೆ ಎಂದು ನಮ್ಮ ಹಿರಿಯರಿಗೇ ಗೊತ್ತಿತ್ತು. ವರ್ಷಕ್ಕೊಮ್ಮೆ ಪಾಕ ಹಿಡಿಯುವ ಕೈಗಿಂತ ದಿನವೂ ಹಿಡಿಯುವ ಕೈ ಸಾಮಾನ್ಯವಾಗಿ ಹೆಚ್ಚು ನುರಿತಿರುತ್ತದೆ. ಇದನ್ನು ಒಪ್ಪಿಕೊಂಡರೆ ಮನೆಯ ಮರ್ಯಾದೆಗೇನೂ ಕುಂದಿಲ್ಲ.

ಶುದ್ಧತೆಯ ವಾದವೂ ಇದೆ: ಮನೆಯದಾದರೆ ಕಲಬೆರಕೆಯಿಲ್ಲ ಎಂದು. ಆದರೆ ಬೆಲ್ಲವನ್ನು ಮನೆಯಲ್ಲಿ ಯಾರೂ ಕಾಯಿಸುವುದಿಲ್ಲ. ಅದು ಆಲೆಮನೆಯಿಂದ ಬರುತ್ತದೆ. ನಮ್ಮ ಕಡೆಯ ಸಂತೆಗಳಲ್ಲಿ ಬಹಳ ಜನ ಹೊಳೆಯುವ ಹಳದಿ ಅಚ್ಚನ್ನೇ ಆರಿಸುತ್ತಾರೆ, ಕಂದು ಬಣ್ಣದ್ದನ್ನು ಹಳೆಯದೆಂದು ಬದಿಗೆ ಸರಿಸುತ್ತಾರೆ. ಆ ಹೊಳಪು ಬರಿಸಲು ಕುದಿಯುವ ಕಬ್ಬಿನ ಹಾಲಿಗೆ ರಾಸಾಯನಿಕ ಬೆರೆಸುವ ಅಭ್ಯಾಸ ಹಬ್ಬಿದ್ದು ಕೊಳ್ಳುವವರ ಈ ಕಣ್ಣಿಗಾಗಿಯೇ. ಮನೆಯೊಳಗೆ ಎಷ್ಟೇ ಮಡಿಯಿಂದ ಮಾಡಿದರೂ ಕಜ್ಜಾಯದ ಶುದ್ಧತೆಯ ಒಂದು ಪಾಲು ಸಂತೆಯಲ್ಲೇ ನಿಶ್ಚಯವಾಗಿರುತ್ತದೆ. ಹಾಗಾದರೆ ಮನೆಯದಕ್ಕೆ ಇರುವ ಹೆಚ್ಚುಗಾರಿಕೆ ಏನು? ಇದೆ, ಆದರೆ ಅದು ಬೇರೆ ಕಡೆ ಇದೆ. ಮಾಡುವವರಿಗೆ ತಿನ್ನುವವರು ಗೊತ್ತು. ಅಜ್ಜನಿಗೆ ಹಲ್ಲಿಲ್ಲವೆಂದು ನಾಲ್ಕನ್ನು ಮೆತ್ತಗೆ ತೆಗೆಯುವುದು, ಒಬ್ಬರಿಗೆ ಸಕ್ಕರೆ ಕಾಯಿಲೆಯೆಂದು ಸಣ್ಣದಾಗಿ ತಟ್ಟುವುದು, ಇಂಥದ್ದನ್ನು ಅಂಗಡಿ ಮಾಡಲಾರದು. ಮನೆಯ ಸಿಹಿಯ ಶ್ರೇಷ್ಠತೆ ಈ ಪರಿಚಯದಲ್ಲಿದೆ. ಪರಿಚಯವಿಲ್ಲದೆ, ಬರೀ ಸಂಪ್ರದಾಯಕ್ಕೆಂದು ಬೇಸರದಲ್ಲಿ ಕರಿದ ಕಜ್ಜಾಯಕ್ಕೆ ಆ ಶ್ರೇಷ್ಠತೆ ತಾನಾಗಿ ಬರುವುದಿಲ್ಲ.

ಇನ್ನು ಕೈಕೆಲಸ. ಕೈಯಿಂದ ಏನಾದರೂ ಮಾಡಿದರೆ ಮನಸ್ಸು ಹಗುರಾಗುತ್ತದೆ ಎಂದು ಈಗ ಎಲ್ಲರೂ ಹೇಳುತ್ತಾರೆ. ಅನುಭವ ಅದನ್ನು ಸಮರ್ಥಿಸುತ್ತದೆ, ಆದರೆ ಒಂದು ಷರತ್ತಿನ ಮೇಲೆ. ಹೂ ಕಟ್ಟುವುದನ್ನೇ ನೋಡಿ. ಬಾಳೆ ನಾರು ನೆನೆಸಿಟ್ಟುಕೊಂಡು ಸಂಜೆ ಜಗಲಿಯ ಮೇಲೆ ದೇವರ ಪಟಕ್ಕೆಂದು ಒಂದು ಮೊಳ ಕಟ್ಟುವವರಿದ್ದಾರೆ. ಮಾರಿಗಿಷ್ಟು ಎಂದು ಕೂಲಿಗೆ, ಕತ್ತು ಬಗ್ಗಿಸಿ, ಮಾರುಕಟ್ಟೆಗೆ ಹೊತ್ತಾಗುವ ಮುಂಚೆ ಬುಟ್ಟಿ ತುಂಬಿಸುವವರೂ ಇದ್ದಾರೆ. ಬೆರಳಿನ ಚಲನೆ ಒಂದೇ, ಗಂಟು ಒಂದೇ. ಒಬ್ಬರಿಗೆ ವಿರಾಮ, ಇನ್ನೊಬ್ಬರಿಗೆ ದಣಿವು. ಹಾಗಾದರೆ ಸುಖ ಕೈಕೆಲಸದೊಳಗೆ ಇಲ್ಲ. ಎಷ್ಟು ಕಟ್ಟಬೇಕು, ಎಲ್ಲಿ ನಿಲ್ಲಿಸಬೇಕು ಎಂಬುದನ್ನು ಕಟ್ಟುವವರೇ ನಿರ್ಧರಿಸುವ ಸ್ವಾತಂತ್ರ್ಯದಲ್ಲಿದೆ. ಇದೇ ಚಾಮರಾಜನಗರ ಜಿಲ್ಲೆಯ ಮಲೆ ಮಹದೇಶ್ವರ ಬೆಟ್ಟದ ಸೋಲಿಗರು ಕಾಡನ್ನು ಮುಚ್ಚಿದ ಲಂಟಾನ ಪೊದೆಯ ಕಡ್ಡಿಗಳಿಂದ ಕುರ್ಚಿ, ಬುಟ್ಟಿ ಮಾಡುವ ಕಸುಬನ್ನು 2000ರ ದಶಕದಲ್ಲಿ ರೂಢಿಸಿಕೊಂಡರು. ಅಂಥ ಕುರ್ಚಿ ಬೆಂಗಳೂರಿನ ಮನೆಯೊಂದರ ಮೊಗಸಾಲೆಯಲ್ಲಿ ಒಂದು ಸಣ್ಣ ಸುಖ. ಮಾಡಿದವರಿಗೆ ಅದು ಜೀವನೋಪಾಯ. ಅವರಿಗೆ ಆ ಕೆಲಸದಲ್ಲಿ ಸಂತೋಷವಿಲ್ಲ ಎಂದು ನಾನು ಹೇಳುತ್ತಿಲ್ಲ. ನೇರವಾದ ಕಡ್ಡಿ ಆರಿಸಿ, ಬೇಯಿಸಿ, ಸಿಪ್ಪೆ ತೆಗೆದು ಬಗ್ಗಿಸುವಾಗ ಯಾವ ಕುಶಲಕರ್ಮಿಗೂ ಒಂದು ಹೆಮ್ಮೆ ಇರುತ್ತದೆ. ಆದರೆ ತಕ್ಕ ಬೆಲೆ ಸಿಗದಿದ್ದರೆ ಆ ಹೆಮ್ಮೆ ಬಹಳ ದಿನ ಬಾಳುವುದಿಲ್ಲ.

ಇದರ ಬೆನ್ನಿಗೇ ಬರುವ ನಂಬಿಕೆ, ಹಳ್ಳಿಯವರು ಇದ್ದುದರಲ್ಲೇ ತೃಪ್ತರು ಎಂಬುದು. ಮುಂಗಾರಿನ ತಿಂಗಳುಗಳಲ್ಲಿ ಗುಂಡ್ಲುಪೇಟೆಯ ಸುತ್ತ ಸೂರ್ಯಕಾಂತಿ, ಚೆಂಡು ಹೂವಿನ ಹೊಲಗಳು ಅರಳುತ್ತವೆ. ಕೇರಳದಿಂದಲೂ ಮೈಸೂರಿನಿಂದಲೂ ಬಂದವರು ಕಾರು ನಿಲ್ಲಿಸಿ ಹೂವಿನ ನಡುವೆ ಫೋಟೋ ತೆಗೆಸಿಕೊಳ್ಳುತ್ತಾರೆ; ಎಂಥ ನೆಮ್ಮದಿಯ ಬದುಕು ಎಂದು ನಿಜವಾದ ಮೆಚ್ಚುಗೆಯಿಂದಲೇ ಹೇಳಿ ಹೊರಡುತ್ತಾರೆ. ಆ ಚೆಂಡು ಹೂವಿನ ಬಹುಭಾಗ ಹಾರವಾಗುವುದಿಲ್ಲ. ಕಾರ್ಖಾನೆಗೆ ಹೋಗಿ ಅದರ ಬಣ್ಣದ ಸತ್ವ ಬೇರೆಯಾಗುತ್ತದೆ. ಕೋಳಿಯ ಆಹಾರದಲ್ಲಿ ಸೇರಿ ಮೊಟ್ಟೆಯ ಭಂಡಾರಕ್ಕೆ ಗಾಢ ಹಳದಿ ತರುವುದು ಅದರ ಒಂದು ಮುಖ್ಯ ಉಪಯೋಗ. ರೈತ ಆ ಹೊಲದಲ್ಲಿ ನೋಡುವುದು ಕೆ.ಜಿ.ಗೆ ಸಿಗುವ ದರವನ್ನು, ಕೊಯ್ಲಿಗೆ ಸಿಗುವ ಆಳನ್ನು, ಮೋಡವನ್ನು. ಹಾಗೆಂದು ಅವನಿಗೆ ಹೂವಿನ ಚೆಲುವು ಕಾಣುವುದಿಲ್ಲ ಎನ್ನುವುದೂ ತಪ್ಪು. ಕೆಲವು ಹೊಲಗಳಲ್ಲಿ ಫೋಟೋಕ್ಕೆ ದುಡ್ಡು ಕೇಳಲು ಶುರುಮಾಡಿದಾಗ, ಹಳ್ಳಿಯ ಮುಗ್ಧತೆ ಹೋಯಿತೆಂದು ಮರುಗಿದವರಿದ್ದಾರೆ. ನನಗೆ ಅದರಲ್ಲಿ ಮರುಗುವಂಥದ್ದು ಕಾಣುವುದಿಲ್ಲ. ನೋಡುವವರ ಸುಖಕ್ಕೂ ಬೆಳೆದವರ ದುಡಿಮೆಗೂ ಸಂಬಂಧವಿದೆ ಎಂದು ಆ ರೈತ ನೇರವಾಗಿ ಹೇಳಿದ್ದಾನೆ, ಅಷ್ಟೆ. ಆಯ್ಕೆಯೇ ಇಲ್ಲದವರನ್ನು ತೃಪ್ತರೆಂದು ಹೊಗಳುವುದು ಸುಲಭ; ಅವರಿಗೂ ಆಯ್ಕೆ ಕೊಟ್ಟು ನೋಡುವವರೆಗೆ ಆ ಹೊಗಳಿಕೆಗೆ ಆಧಾರವಿಲ್ಲ.

ಕಡೆಯದಾಗಿ, ಯಂತ್ರಗಳು ಬಂದವು, ಮೊಬೈಲ್ ಬಂತು, ಹೊಸಬರಿಗೆ ಆಸಕ್ತಿ ಹೋಯಿತು ಎಂಬ ದೂರು. ರಾಗಿ ಬೀಸುವಾಗ ಹಾಡುತ್ತಿದ್ದ ಪದಗಳು ಹೋದದ್ದು ನಿಜವಾದ ನಷ್ಟ, ಅದನ್ನು ಹಗುರ ಮಾಡಲಾರೆ. ಆದರೆ ನಸುಕಿಗೇ ಎದ್ದು ಕಲ್ಲು ತಿರುಗಿಸುವ ಭಾರಕ್ಕೆ ಹಾಡು ಜೊತೆಯಾಗಿತ್ತು. ಹಿಟ್ಟಿನ ಮಿಲ್ಲು ಬಂದ ದಿನ ಆ ಹೆಂಗಸರು ಹಾಡು ಹೋಯಿತೆಂದು ಅತ್ತಿದ್ದಕ್ಕಿಂತ ತೋಳು ಉಳಿಯಿತೆಂದು ನಿಟ್ಟುಸಿರು ಬಿಟ್ಟಿರುವುದೇ ಹೆಚ್ಚು ಸಂಭವ. ಕಜ್ಜಾಯದ ವಿಷಯದಲ್ಲಂತೂ ಯಂತ್ರ ಶತ್ರುವಲ್ಲ. ತೇವದ ಅಕ್ಕಿಯನ್ನು ಮಿಕ್ಸಿಯಲ್ಲಿ ಪುಡಿಮಾಡಬಹುದು ಎನ್ನುವ ಒಂದೇ ಕಾರಣಕ್ಕೆ ಎಷ್ಟೋ ಮನೆಗಳಲ್ಲಿ ಅದು ಇನ್ನೂ ಉಳಿದಿದೆ. ಊರು ಬಿಟ್ಟು ಬೆಂಗಳೂರು ಸೇರಿದ ಮಗಳು ಪಾಕದ ಹದವನ್ನು ಮೊಬೈಲಿನಲ್ಲಿ ಅಮ್ಮನಿಗೆ ತೋರಿಸಿಯೇ ಬಾಣಲೆ ಇಳಿಸುತ್ತಾಳೆ. ಆಸಕ್ತಿ ಹೋಗಿದ್ದರೆ ಇದು ನಡೆಯುತ್ತಿರಲಿಲ್ಲ. ಹೋದದ್ದು ಕೈಗಳ ಸಂಖ್ಯೆ. ಮೊದಲು ಅತ್ತೆ, ಸೊಸೆಯಂದಿರು, ಅಕ್ಕಪಕ್ಕದವರು ಸೇರಿ ಒಬ್ಬರು ತಟ್ಟಿ, ಒಬ್ಬರು ಕರಿದು, ಒಬ್ಬರು ಒತ್ತುತ್ತಿದ್ದರು; ಇಂದು ಅವರ ಮಕ್ಕಳು ನಂಜನಗೂಡಿನ, ಬದನಗುಪ್ಪೆಯ ಕಾರ್ಖಾನೆಗಳ ಪಾಳಿಗೆ ಹೋಗುತ್ತಾರೆ. ಹಬ್ಬಕ್ಕೆ ರಜೆ ಒಂದೇ ದಿನ, ಕಜ್ಜಾಯಕ್ಕೆ ಬೇಕಾದದ್ದು ಮೂರು ನಾಲ್ಕು ದಿನ. ಈ ಲೆಕ್ಕ ಹೊಂದದಿರುವುದಕ್ಕೆ ಮನಸ್ಸನ್ನು ಹೊಣೆ ಮಾಡುವುದು ಸರಿಯಲ್ಲ.

ಇಷ್ಟು ಲೆಕ್ಕ ಹಾಕಿದರೆ ಸುಖ ಉಳಿದೀತೇ ಎಂದು ನೀವು ಕೇಳಬಹುದು. ಪ್ರಶ್ನೆ ನ್ಯಾಯವಾದದ್ದು. ಅಕ್ಕರೆಯಿಂದ ಕೊಟ್ಟದ್ದಕ್ಕೆ ಬೆಲೆಚೀಟಿ ಅಂಟಿಸಿದರೆ ಅಕ್ಕರೆಯೇ ಮುದುಡುತ್ತದೆ ಎಂಬ ಅಳುಕು ನನಗೂ ಅರ್ಥವಾಗುತ್ತದೆ. ಆದರೆ ನಾನು ಕೇಳುತ್ತಿರುವುದು ಬೆಲೆ ಕಟ್ಟಿ ಎಂದಲ್ಲ, ಕೆಲಸವನ್ನು ಕಾಣಿ ಎಂದು. ಕಂಡವರು ಹಂಚಿಕೊಳ್ಳುವ ಸಂಭವ ಹೆಚ್ಚು. ಕಾಣದವರು ಹೊಗಳಿ ಸುಮ್ಮನಾಗುತ್ತಾರೆ, ಹೊಗಳಿಕೆ ಎಣ್ಣೆಯ ಬಾಣಲೆಯ ಮುಂದೆ ನಿಂತವರ ಬೆವರು ಒರೆಸುವುದಿಲ್ಲ.

ಹೀಗಾಗಿ ಈ ಸುಖಗಳು ಉಳಿಯಲಿ ಎನ್ನುವವರಿಗೆ ನನ್ನ ಸಲಹೆ ಉಪದೇಶಕ್ಕಿಂತ ಏರ್ಪಾಡಿನ ಕಡೆಗಿದೆ. ಕಜ್ಜಾಯ ಬೇಕೆನ್ನುವ ಗಂಡಸರು ಅಕ್ಕಿ ನೆನೆಸುವ ದಿನದಿಂದಲೇ ಅಡುಗೆಮನೆಯಲ್ಲಿರಲಿ. ಪಾಕದ ಹದ ಹೆಣ್ಣುಮಕ್ಕಳ ಕೈಗೆ ಮಾತ್ರ ಒಲಿಯುತ್ತದೆ ಎಂಬುದಕ್ಕೆ ಅರಮನೆಯ ಬಾಣಸಿಗನ ಕಥೆಯೇ ಉತ್ತರ. ನೂರು ಮಾಡುವ ಕಡೆ ಇಪ್ಪತ್ತು ಮಾಡಿದರೂ ಹಬ್ಬ ಹಬ್ಬವೇ. ಎರಡು ಮೂರು ಮನೆಯವರು ಒಂದೇ ಒಲೆಯ ಮುಂದೆ ಕೂಡಿದರೆ ಕೈಗಳ ಕೊರತೆ ತುಂಬುತ್ತದೆ. ಪುರುಸೊತ್ತಿಲ್ಲದ ವರ್ಷ ನುರಿತವರ ಅಂಗಡಿಯಿಂದ ತಂದವರು ಯಾರಿಗೂ ಸಮಜಾಯಿಷಿ ಕೊಡಬೇಕಾಗಿಲ್ಲ. ಕಂದು ಬೆಲ್ಲಕ್ಕೂ, ಕೈಯಿಂದ ಹೆಣೆದ ಬುಟ್ಟಿಗೂ ಚೌಕಾಸಿ ಮಾಡದೆ ಬೆಲೆ ಕೊಡುವುದು ಇದೇ ಏರ್ಪಾಡಿನ ಭಾಗ. ಇದಾವುದೂ ಕಷ್ಟಸಾಧ್ಯವಲ್ಲ, ಆದರೆ ಇದಾವುದೂ ತಾನಾಗಿ ಆಗುವುದೂ ಇಲ್ಲ. ಮನೆಯ ಸಣ್ಣ ಸುಖಕ್ಕೆ ಮನಸ್ಸು ಬೇಕು, ಆದರೆ ಮನಸ್ಸು ಸಾಲದು. ಅದು ಎಷ್ಟು ಜನರ ಸುಖ ಎಂಬುದು ಎಷ್ಟು ಜನರ ಕೆಲಸ ಎಂಬುದನ್ನು ಅವಲಂಬಿಸಿದೆ. ಒಬ್ಬರು ಮಾಡಿ ಹತ್ತು ಮಂದಿ ತಿಂದ ಸುಖವನ್ನು ನಾವು ಬೇಕಾದಷ್ಟು ನೆನೆದಿದ್ದೇವೆ. ಹತ್ತು ಮಂದಿ ಮಾಡಿ ಹತ್ತು ಮಂದಿ ತಿನ್ನುವ ಸುಖ ಅದಕ್ಕಿಂತ ಕಡಿಮೆಯದೆಂದು ಹೇಳಲು ನನಗಂತೂ ಯಾವ ಆಧಾರವೂ ಕಾಣುತ್ತಿಲ್ಲ.