ಆಡಿಗೂ ಒಂದು ಮರ ನೆಡಿ

ಕಳೆದ ಬೇಸಿಗೆಯಲ್ಲಿ ಹುಲ್ಲಹಳ್ಳಿ ಕಡೆ ಸುದ್ದಿ ಮುಗಿಸಿಕೊಂಡು ನಂಜನಗೂಡಿಗೆ ಬೈಕಿನಲ್ಲಿ ಬರುತ್ತಿದ್ದೆ. ರಸ್ತೆ ಬದಿಯ ಮರದ ಕೆಳಗೆ ಒಬ್ಬ ಅಜ್ಜಿ ದೋಟಿ ಹಿಡಿದು ನಿಂತಿದ್ದರು. ಕಾಲ ಬುಡದಲ್ಲಿ ಒಂದು ಹೊರೆ ಸೊಪ್ಪು. ಜೀಪು ನಿಲ್ಲಿಸಿದ ಒಬ್ಬರು 'ಸರ್ಕಾರಿ ಮರ ಮುಟ್ಟಿದರೆ ದಂಡ ಹಾಕ್ತೀನಿ' ಎಂದು ಗದರಿ ಹೋದರು. ಅಜ್ಜಿ ನನ್ನತ್ತ ತಿರುಗಿ ಕೇಳಿದರು: 'ಕಾಡ್ಗ ಬುಡಲ್ಲ, ಗೋಮಾಳ ಇಲ್ಲ, ರೋಡ್ ಮರ ಮುಟ್ಟುದ್ರ ಬಯ್ತರ. ಆಡ್ಗ ಏನ ಹಾಕದು ಹೇಳಪ್ಪ?'

ಆಗ ನನ್ನ ಬಳಿ ಉತ್ತರ ಇರಲಿಲ್ಲ. ಈಗ ಬರೆಯುತ್ತಿದ್ದೇನೆ.

ಕಾಡಿನ ಬಾಗಿಲು ಮುಚ್ಚುತ್ತಿರುವುದು ನಿಜ. 2025ರ ಜೂನ್‌ನಲ್ಲಿ ಮಲೆ ಮಹದೇಶ್ವರ ವನ್ಯಧಾಮದಲ್ಲಿ ವಿಷ ಬೆರೆತ ಹಸುವಿನ ಮಾಂಸ ತಿಂದು ತಾಯಿ ಹುಲಿ ಮತ್ತು ನಾಲ್ಕು ಮರಿ ಸತ್ತವು. ಮರುತಿಂಗಳೇ ಅರಣ್ಯ ಸಚಿವ ಈಶ್ವರ ಖಂಡ್ರೆ ಕಾಡಿನಲ್ಲಿ ಜಾನುವಾರು ಮೇಯಿಸುವುದನ್ನು ತಡೆಯಲು ಕ್ರಮ ಕೈಗೊಳ್ಳುವಂತೆ ಸೂಚಿಸಿದರು. ನಮ್ಮ ಹೆಡಿಯಾಲ ಕಡೆಯ ಊರುಗಳು ಬಂಡೀಪುರದ ಅಂಚಿನಲ್ಲೇ ಇವೆ. ಅಲ್ಲಿ ಆಡಿನ ಹಿಂದೆ ಕಾಡಿಗೆ ಹೋಗುವುದೆಂದರೆ ಹುಲಿಯ ಭಯವೂ ಇದೆ.

ಇನ್ನು ಗೋಮಾಳ. 100 ಜಾನುವಾರಿಗೆ 30 ಎಕರೆ ಗೋಮಾಳ ಇರಬೇಕು ಎನ್ನುತ್ತವೆ 1966ರ ಭೂ ಕಂದಾಯ ನಿಯಮಗಳು. ನಿಮ್ಮೂರಿನಲ್ಲಿ ಎಷ್ಟು ಉಳಿದಿದೆ, ನೀವೇ ಲೆಕ್ಕ ಹಾಕಿ. ತಿ. ನರಸೀಪುರದ ನಾಲೆ ಬಯಲಿನಲ್ಲಿ ಭತ್ತದ ಹುಲ್ಲಾದರೂ ಸಿಗುತ್ತದೆ. ಆದರೆ ಅದರಲ್ಲಿ ಪ್ರೋಟೀನ್ ಶೇ 3-4 ಮಾತ್ರ. ಬನ್ನೂರು ಕುರಿ ಹುಟ್ಟಿದ ತಾಲ್ಲೂಕಿನಲ್ಲೇ ಕುರಿಗೆ ಬರೀ ಒಣಹುಲ್ಲು ಹಾಕುವ ಹಾಗಾಗಬಾರದು.

ನನ್ನ ಮಾತು ಇಷ್ಟೇ. ಹಸಿಮೇವು ಇನ್ನು ನೆಲದ ಮೇಲಷ್ಟೇ ಬೆಳೆದರೆ ಸಾಲದು, ಮರದ ಮೇಲೂ ಬೆಳೆಯಬೇಕು. ಪಂಚಾಯ್ತಿ ಯಾವ ಗಿಡ ನೆಡಬೇಕು ಎಂಬ ಪಟ್ಟಿಯನ್ನು ಆಡು ಸಾಕುವವರು ಬರೆಸಬೇಕು.

ಇದು ಹೊಸ ವಿದ್ಯೆಯಲ್ಲ. ಆಡು ಮುಟ್ಟದ ಸೊಪ್ಪಿಲ್ಲ ಅನ್ನುತ್ತೇವೆ. ಅತ್ತಿ, ಬಸರಿ, ಆಲ, ಹಲಸು, ಬೇವು, ಬಾಗೆ, ಅಗಸೆ, ನುಗ್ಗೆ ಎಲ್ಲವನ್ನೂ ನಮ್ಮ ಹಿರಿಯರು ಕೊಯ್ದು ಹಾಕಿದವರೇ. ಬೇಸಿಗೆಯಲ್ಲಿ ಉದುರುವ ಕರಿಜಾಲಿ ಕಾಯಿಯೂ ಒಳ್ಳೆಯ ಮೇವು. ಗೊಬ್ಬರದ ಗಿಡ ಅನ್ನುತ್ತೇವಲ್ಲ, ಆ ಗ್ಲಿರಿಸಿಡಿಯಾದ ಎಲೆ ಒಣಗಿದ ಲೆಕ್ಕದಲ್ಲಿ ಶೇ 20ರಷ್ಟು ಪ್ರೋಟೀನ್ ಕೊಡುತ್ತದೆ. ಅದರ ಕಡ್ಡಿಯನ್ನು ಮುಂಗಾರಿಗೆ ಬದುವಿನಲ್ಲಿ ನೆಟ್ಟರೆ ಸಾಕು. 3 ಅಡಿಗೊಂದರಂತೆ 300 ಅಡಿ ಬದುವಿಗೆ 100 ಕಡ್ಡಿ. ಮೊದಲ ವರ್ಷ ಮುಟ್ಟಬೇಡಿ, ಆಮೇಲೆ ಸರದಿಯಂತೆ ಕೊಯ್ಯಿರಿ. ಮೊದಮೊದಲು ವಾಸನೆಗೆ ಆಡು ಮೂಗು ಮುರಿಯುತ್ತದೆ. ಅರ್ಧ ದಿನ ಬಾಡಿಸಿ, ಬೇರೆ ಮೇವಿನ ಜೊತೆ ಕೊಟ್ಟು ರೂಢಿ ಮಾಡಿಸಿ.

ಸುಬಾಬುಲ್ ಬಗ್ಗೆ ಎಚ್ಚರ ಇರಲಿ. ಅದರಲ್ಲಿ ಮಿಮೋಸಿನ್ ಎಂಬ ವಿಷದ ಅಂಶವಿದೆ. ಅದೊಂದನ್ನೇ ಹಾಕಿದರೆ ಕೂದಲು ಉದುರುತ್ತದೆ, ಗಂಟಲ ಗ್ರಂಥಿ ಊದುತ್ತದೆ. ಒಟ್ಟು ಮೇವಿನಲ್ಲಿ ಮೂರನೇ ಒಂದು ಭಾಗ ದಾಟಬಾರದು. ಕಾಯಿ ಬಲಿಯುವ ಮೊದಲೇ ಕೊಯ್ಯಬೇಕು, ಇಲ್ಲದಿದ್ದರೆ ಬೀಜ ಬಿದ್ದು ಹೊಲವೆಲ್ಲ ಅದೇ ಆಗುತ್ತದೆ.

'ಗಿಡ ನೆಟ್ಟರೆ ಆಡೇ ತಿಂದು ಹಾಕುತ್ತದಲ್ಲ' ಎಂದು ಕೇಳುತ್ತೀರಿ. ಸರಿಯಾದ ಮಾತು. ಅದಕ್ಕೇ ಎರಡು ವರ್ಷ ಮುಳ್ಳುಬೇಲಿ ಬೇಕು, ಆಡನ್ನು ಗಿಡದ ಹತ್ತಿರ ಬಿಡದೆ ಸೊಪ್ಪನ್ನು ಆಡಿನ ಹತ್ತಿರ ಒಯ್ಯಬೇಕು. 25 ಕೆ.ಜಿ. ತೂಗುವ ಒಂದು ಆಡಿಗೆ ದಿನಕ್ಕೆ ಸುಮಾರು 4 ಕೆ.ಜಿ. ಹಸಿಮೇವು ಬೇಕು. ಐದು ಆಡಿದ್ದರೆ 20 ಕೆ.ಜಿ. ಒಬ್ಬರ ಬದುವಿನಿಂದ ವರ್ಷವಿಡೀ ಅಷ್ಟು ಸಿಗದು. ಜಮೀನೇ ಇಲ್ಲದವರಿಗೆ ಬದುವೂ ಇಲ್ಲ. ಆ ಅಜ್ಜಿಗೂ ಇರಲಿಲ್ಲ.

ಆದ್ದರಿಂದಲೇ ಇದು ಪಂಚಾಯ್ತಿಯ ಕೆಲಸ. ಉದ್ಯೋಗ ಖಾತ್ರಿಯಲ್ಲಿ ಗಿಡ ನೆಡಲು ಅವಕಾಶವಿದೆ. ಯಾವ ಕೆಲಸ ಆಗಬೇಕು ಎಂದು ಗ್ರಾಮಸಭೆಯಲ್ಲಿ ಕೇಳುವ ಹಕ್ಕು ನಿಮಗಿದೆ. ಕೆರೆ ಏರಿಯ ಕೆಳಗೆ, ಉಳಿದ ಗೋಮಾಳದಲ್ಲಿ, ರಸ್ತೆ ಬದಿಯಲ್ಲಿ ಬರೀ ನೆರಳಿನ, ಹೂವಿನ ಗಿಡ ಬೇಡ, ಅತ್ತಿ, ಬಸರಿ, ಬಾಗೆ, ಬೇವನ್ನೂ ನೆಡಿ ಎಂದು ಕೇಳಿ. ಜೊತೆಗೆ ಇನ್ನೊಂದನ್ನು ನಡಾವಳಿಯಲ್ಲಿ ಬರೆಸಿ: ಸೊಪ್ಪು ಕೊಯ್ಯುವ ಸರದಿ ಯಾರದು, ಎಷ್ಟು ಕೊಂಬೆ ಬಿಡಬೇಕು, ಮೊದಲ ಪಾಲು ಜಮೀನಿಲ್ಲದವರಿಗೆ. ಈ ಕಾಗದ ಇಲ್ಲದಿದ್ದರೆ ಮರ ಬೆಳೆದ ಮೇಲೂ ಅಜ್ಜಿಗೆ ಬೈಗುಳ ತಪ್ಪುವುದಿಲ್ಲ. ಯಾವ ಮಣ್ಣಿಗೆ ಯಾವ ಗಿಡ ಎಂಬ ಅನುಮಾನವಿದ್ದರೆ ಸುತ್ತೂರಿನ ಜೆಎಸ್‌ಎಸ್ ಕೃಷಿ ವಿಜ್ಞಾನ ಕೇಂದ್ರ ದೂರವೇನಿಲ್ಲ, ಹೋಗಿ ಕೇಳಿ.

ಕಾಡಿಗೆ ಬರಬೇಡಿ ಅನ್ನುವ ಸರ್ಕಾರ ಊರಿನಲ್ಲಿ ಮೇವು ಎಲ್ಲಿದೆ ಎಂದೂ ಹೇಳಬೇಕು. ಅದು ಹೇಳುವವರೆಗೆ ನಾವು ಕಾಯುತ್ತ ಕೂರುವುದು ಬೇಡ. ಮುಂದಿನ ಗ್ರಾಮಸಭೆಗೆ ಆಡು ಸಾಕುವವರೆಲ್ಲ ಒಟ್ಟಿಗೆ ಹೋಗಿ. ನಿಮ್ಮೂರಿನಲ್ಲಿ ಏನಾಯಿತು ಎಂದು ಕೆಳಗೆ ಬರೆದು ತಿಳಿಸಿ. ಸುದ್ದಿ ಮಾಡುವುದು ನನ್ನ ಕೆಲಸ.