ಮತ್ತೆ ಮತ್ತೆ ಬಾಯಿಹುಣ್ಣು

ಮೊಮ್ಮಗು ಊಟದ ತಟ್ಟೆ ಸರಿಸಿ ‘ಬಾಯಿ ಉರೀತಿದೆ’ ಎಂದರೆ ಅಜ್ಜಿಯರ ಕೈ ಮೊದಲು ಹೋಗುವುದು ತುಪ್ಪದ ಡಬ್ಬಿಗೆ. ಹೋಗಲಿ, ಒಳ್ಳೆಯದೇ. ಆಯುರ್ವೇದದಲ್ಲಿ ಇದಕ್ಕೆ ಮುಖಪಾಕ ಎಂದು ಹೆಸರು. ಪಿತ್ತ ಕೆರಳಿದ ಲೆಕ್ಕದಲ್ಲಿ ತಂಪಿನ ಮದ್ದು ಹೇಳುತ್ತಾರೆ. ಜಾಜಿಯ ಎಳೆ ಎಲೆ ಅಗಿದು ಉಗುಳುವುದು, ತ್ರಿಫಲಾ ಕಷಾಯ ಆರಿಸಿ ಮುಕ್ಕಳಿಸುವುದು, ಜ್ಯೇಷ್ಠಮಧುವಿನ ಪುಡಿಯನ್ನು ತುಪ್ಪದಲ್ಲಿ ಕಲಸಿ ಹಚ್ಚುವುದು. ಉಗುಳಲು ಬಾರದ ಚಿಕ್ಕವರಿಗೆ ಬರೀ ತುಪ್ಪ ಸಾಕು. ಹಸಿ ತೊಂಡೆಕಾಯಿ ಅಗಿಯುವುದಂತೂ ನಮ್ಮ ಮನೆಮನೆಯ ಮದ್ದು. ಪುಟಾಣಿಗಳೇ, ಮುಖ ಸಿಂಡರಿಸಬೇಡಿ, ಅದು ಸೌತೆಕಾಯಿಯ ದಾಯಾದಿಯೇ!

ಒಂದನ್ನು ಮಾತ್ರ ಬಿಡಲೇಬೇಕು: ಬಿಳಿಗಾರ. ಜೇನಿನಲ್ಲಿ ಕಲಸಿ ಹಚ್ಚುವ ಹಳೆಯ ರೂಢಿಯಿದೆ. ಮಗುವಿನ ಹೊಟ್ಟೆಗೆ ಹೋದರೆ ಅದು ವಿಷ. ವರ್ಷ ತುಂಬದ ಕೂಸಿಗೆ ಜೇನೂ ಕೂಡದು.

ಸಣ್ಣ ಹುಣ್ಣು 7ರಿಂದ 14 ದಿನಗಳಲ್ಲಿ ತಾನಾಗಿಯೇ ಮಾಯುತ್ತದೆ. (ಹೆಸರು ಮಾತ್ರ ಕೊನೆಯ ದಿನ ಹಚ್ಚಿದ ಮದ್ದಿಗೆ!) ಪದೇ ಪದೇ ಬಂದರೆ ಮಾತು ಬೇರೆ. ಕಬ್ಬಿಣಾಂಶ, ಬಿ12, ಫೋಲಿಕ್ ಆಮ್ಲ ಕಡಿಮೆಯಿರಬಹುದು; ಚೂಪಾದ ಹಲ್ಲು ತಗಲುತ್ತಿರಬಹುದು; ಕೆಲವರಿಗೆ ಹೆಚ್ಚು ನೊರೆಯ ಟೂತ್‌ಪೇಸ್ಟೂ ಆಗದು. ಲೆಡ್ಜರ್ ಬರೆದವನ ಬುದ್ಧಿ ನನ್ನದು: ಹುಣ್ಣು ಬಂದ ದಿನ, ವಾಸಿಯಾದ ದಿನ ಎರಡನ್ನೂ ಕ್ಯಾಲೆಂಡರಿನಲ್ಲಿ ಗುರುತು ಹಾಕಿ, ಅದನ್ನೇ ಡಾಕ್ಟರಿಗೆ ತೋರಿಸಿ. 2 ವಾರ ದಾಟಿದರೆ, ಜ್ವರ ಬಂದರೆ, ಅಂಗೈ ಅಂಗಾಲಿನಲ್ಲೂ ಗುಳ್ಳೆ ಎದ್ದರೆ, ಮಗು ನೀರೂ ಬೇಡವೆಂದರೆ ಕ್ಯಾಲೆಂಡರ್ ಹುಡುಕುತ್ತ ಕೂರಬೇಡಿ, ಅಂದೇ ಕರೆದುಕೊಂಡು ಹೋಗಿ.