ಹೃದಯದ ಚಿತ್ರ, ಕನ್ನಡದ ಮಾತು

1929ರಲ್ಲಿ ಜರ್ಮನಿಯ ತರುಣ ವೈದ್ಯ ವರ್ನರ್ ಫೋರ್ಸ್‌ಮನ್ ತಮ್ಮದೇ ತೋಳಿನ ರಕ್ತನಾಳದ ಮೂಲಕ ಸಪೂರ ಕೊಳವೆಯೊಂದನ್ನು ಹೃದಯದವರೆಗೆ ಸಾಗಿಸಿ ಎಕ್ಸ್‌-ರೇ ತೆಗೆಸಿಕೊಂಡರು. ಇಂದು ಹೃದಯವನ್ನು ಕಾಣಲು ಎಲ್ಲ ಸಂದರ್ಭಗಳಲ್ಲಿಯೂ ಅಂಥ ಸಾಹಸ ಬೇಕಿಲ್ಲ. ಎಕೋ ಪರೀಕ್ಷೆಯು ಕಿವಿಗೆ ಕೇಳದ ಧ್ವನಿತರಂಗಗಳಿಂದ ಕವಾಟಗಳ ಚಲನೆಯನ್ನು ತೋರಿಸುತ್ತದೆ. ಎಂಆರ್‌ಐ, ಎಕ್ಸ್‌-ರೇ ಇಲ್ಲದೆಯೇ ಹೃದಯದ ಸ್ನಾಯುವಿನಲ್ಲಿ ಉಳಿದ ಗಾಯದ ಕಲೆಯನ್ನು ಗುರುತಿಸುತ್ತದೆ. ಸಿ.ಟಿ. ಆಂಜಿಯೋಗ್ರಾಂನಲ್ಲಿ ತೋಳಿಗೆ ಅಯೋಡಿನ್‌ಯುಕ್ತ ದ್ರವವನ್ನು ಚುಚ್ಚಿದರೆ ಸಾಕು. ಧಮನಿಯ ಗೋಡೆಯಲ್ಲಿ ಕಟ್ಟಿದ ಜಿಡ್ಡೂ ಕಾಣುತ್ತದೆ.

ಚಿತ್ರ ಹೀಗೆ ಸ್ಪಷ್ಟವಾದರೂ ಅದನ್ನು ವಿವರಿಸುವ ನಮ್ಮ ಮಾತು ಮಸುಕಾಗಿಯೇ ಉಳಿದಿದೆ. ‘ನರ ಬ್ಲಾಕ್ ಆಗಿದೆ’ ಎನ್ನುತ್ತೇವೆ. ಕಟ್ಟಿಕೊಂಡಿರುವುದು ನರವಲ್ಲ, ರಕ್ತನಾಳ. ಆಂಜಿಯೋಗ್ರಾಂ ನೋಡುವ ಪರೀಕ್ಷೆ, ಆಂಜಿಯೋಪ್ಲಾಸ್ಟಿ ತಡೆಯನ್ನು ಬಿಡಿಸುವ ಚಿಕಿತ್ಸೆ; ಈ ಭೇದವೂ ಹಲವರಿಗೆ ತಿಳಿದಿಲ್ಲ. ಕಾಸರಗೋಡಿನ ಕನ್ನಡಿಗರಿಗೆ ವರದಿ ಇಂಗ್ಲಿಷಿನಲ್ಲಿ, ವಿವರಣೆ ಬಹುವೇಳೆ ಮಲಯಾಳದಲ್ಲಿ ದೊರೆಯುತ್ತದೆ. ಒಪ್ಪಿಗೆ ಪತ್ರಕ್ಕೆ ಸಹಿ ಹಾಕಬೇಕಾದವರು ಮಾತ್ರ ಅವರೇ. ಅರಿಯದೆ ಹಾಕಿದ ಸಹಿಯನ್ನು ಒಪ್ಪಿಗೆಯೆನ್ನಲಾದೀತೆ?

ಇದಕ್ಕೆ ಪರಿಹಾರ ಬಾಯಿಗೆ ಬಾರದ ಸಂಸ್ಕೃತ ಪದಗಳ ಟಂಕಣೆಯಲ್ಲ. ಆಂಜಿಯೋಗ್ರಾಂ ಎಂಬ ಹೆಸರು ಹಾಗೆಯೇ ಇರಲಿ. ಅಲ್ಲಿ ಏನನ್ನು, ಎಲ್ಲಿಂದ, ಏಕೆ ಒಳಕಳುಹಿಸುತ್ತಾರೆ, ಅದರಿಂದ ಏನು ತಿಳಿಯುತ್ತದೆ, ಅಪಾಯವೇನು ಎಂಬುದು ತಿಳಿಗನ್ನಡದಲ್ಲಿ ಬರಲಿ. ಬರೆದದ್ದನ್ನು ವೈದ್ಯರು ಪರಿಶೀಲಿಸಲಿ. ಪದದ ಅರ್ಥಚ್ಛಾಯೆಗಳನ್ನು ಅಳೆಯಲು ಕಲಿತ ಐಚ್ಛಿಕ ಕನ್ನಡದ ವಿದ್ಯಾರ್ಥಿಗಳಲ್ಲದೆ ಈ ಕೆಲಸಕ್ಕೆ ಮೊದಲು ಕೈಹಾಕಬೇಕಾದವರು ಬೇರಾರು?